ಬಡಗಿ ಕಟ್ಟಿದ ಮನೆ, ಮೊಮ್ಮಗಳು ಉಳಿಸಿದ ಮನೆ

ನ್ಯೂಜಿಲೆಂಡಿನ ರಾಜಧಾನಿ ವೆಲ್ಲಿಂಗ್ಟನ್‌ನಲ್ಲಿ ಕೊಡೆ ಹಿಡಿದು ನಡೆಯುವವರು ಕಡಿಮೆ. ಮಳೆ ಇಲ್ಲವೆಂದಲ್ಲ. ಅಲ್ಲಿನ ಗಾಳಿ ಕೊಡೆಯನ್ನು ಉಳಿಸುವುದಿಲ್ಲ. ಮಗನ ಮನೆಗೆಂದು ಹೋದ ನಾನು ಮೊದಲ ವಾರದಲ್ಲೇ ಎರಡು ಕೊಡೆ ಕಳೆದುಕೊಂಡೆ. ಮೂರನೆಯದನ್ನು ಸೊಸೆ ಕೊಡಿಸಲಿಲ್ಲ.

ಅಂಥ ಗಾಳಿಯ ಒಂದು ಶನಿವಾರ ಮೊಮ್ಮಗಳು ನನ್ನ ಕೈ ಹಿಡಿದು ಎಳೆದಳು. "ಅಜ್ಜಾ, ನಮ್ಮ ಸ್ಕೂಲಿನವರು ಒಂದು ಹಳೇ ಮನೆಗೆ ಕರ್ಕೊಂಡು ಹೋಗಿದ್ರು. ಅದನ್ನ ಕಟ್ಟಿದ್ದು ಒಬ್ಬ ಬಡಗಿ. ನಿನ್ನ ಅಜ್ಜನೂ ಬಡಗಿ ಅಲ್ವಾ? ಬಾ ತೋರಿಸ್ತೀನಿ" ಎಂದಳು. ಅವಳಿಗೆ ಒಂಬತ್ತು ವರ್ಷ. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಮಾತ್ರ ಸೋಮಾರಿತನ.

ಕ್ಯೂಬಾ ಬೀದಿಯ ಕಡೆಯಿಂದ ಹೊರಟೆವು. ಆ ಹೆಸರು ಕೇಳಿ ನಾನು ಸಕ್ಕರೆಗೆ ಹೆಸರಾದ ಕ್ಯೂಬಾ ದೇಶವನ್ನು ನೆನೆಸಿಕೊಂಡಿದ್ದೆ. ಅದಲ್ಲವಂತೆ, 1840ರಲ್ಲಿ ಇಂಗ್ಲೆಂಡಿನಿಂದ ಬಂದ ಒಂದು ಹಡಗಿನ ಹೆಸರು ಅದು. ಬೀದಿಯ ಮೇಲ್ತುದಿ ದಾಟಿ ಗುಡ್ಡ ಏರಿದರೆ ನೇರ್ನ್ ಬೀದಿ ಸಿಗುತ್ತದೆ. ಅಲ್ಲಿ 68ನೇ ನಂಬರಿನ ಮನೆ. ಸುತ್ತ ಈ ಕಾಲದ ಕಟ್ಟಡಗಳು, ನಡುವೆ ಹಲಗೆಯ ಗೋಡೆಯ ಒಂದು ಪುಟ್ಟ ಮನೆ, ಪಕ್ಕದಲ್ಲಿ ತರಕಾರಿ ತೋಟ. ಯಾರೋ ಹಳ್ಳಿಯಿಂದ ತಂದು ಪೇಟೆಯಲ್ಲಿಟ್ಟು ಮರೆತು ಹೋದಂತೆ ಕಾಣುತ್ತದೆ. ಇದನ್ನು ವಿಲಿಯಂ ವಾಲಿಸ್ ಎಂಬ ಬಡಗಿ 1858ರಲ್ಲಿ ಕಟ್ಟಿದ. ಆಗಷ್ಟೇ ಮದುವೆಯಾಗಿ, ಹೆಂಡತಿ ಕ್ಯಾಥರೀನ್ ಜೊತೆ ಇಂಗ್ಲೆಂಡು ಬಿಟ್ಟು ಬಂದಿದ್ದ.

1858 ಎಂದರೆ ಯಾವ ಕಾಲ? ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿದು ವಿಕ್ಟೋರಿಯಾ ರಾಣಿಯ ಆಡಳಿತ ಬಂದ ವರ್ಷ. ನರಗುಂದದ ಬಾಬಾಸಾಹೇಬ ದಂಗೆಯೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ವರ್ಷವೂ ಅದೇ. ಆ ರಾಣಿಯ ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ ಒಬ್ಬ ಬಡಗಿ ತನ್ನ ಹೆಂಡತಿಗಾಗಿ ಒಂದು ಮನೆಗೆ ಮೊಳೆ ಹೊಡೆಯುತ್ತಿದ್ದ.

ಒಳಗೆ ಹೋದೆವು. ಕೋಣೆಗಳು ಚಿಕ್ಕವು. ಮಾಳಿಗೆಯ ಮಲಗುವ ಕೋಣೆಗಳಿಗೆ ಹೋಗುವ ಮೆಟ್ಟಿಲು ನಮ್ಮ ಮಲೆನಾಡಿನ ಅಟ್ಟದ ಏಣಿಯಂತೆ ಕಡಿದು. ನನ್ನ ಮಂಡಿ ಬೇಡ ಎಂದಿತು, ಮೊಮ್ಮಗಳು ಬಿಡಲಿಲ್ಲ. ಈ ಚಿಕ್ಕ ಮನೆಯಲ್ಲಿ ಮೂರು ತಲೆಮಾರು ಬದುಕಿತು. ಒಲೆಗೆ ಸೌದೆ, ಬಟ್ಟೆಗೆ ಬಿಸಿನೀರು, ಮಕ್ಕಳ ಅಳು, ತೋಟದ ಕೆಲಸ: ಕ್ಯಾಥರೀನಳ ದಿನ ಹೇಗಿದ್ದಿರಬಹುದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಅಮ್ಮನ ದಿನವೂ ಹಾಗೇ ಇತ್ತು.

ನನ್ನ ಕಣ್ಣು ಹೋದದ್ದು ಗೋಡೆಯ ಕಡೆಗೆ. ಹೊರಗೋಡೆಯ ಹಲಗೆಗಳನ್ನು ಅಡ್ಡಡ್ಡ ಜೋಡಿಸಿ, ಮೇಲಿನ ಹಲಗೆಯ ಅಂಚು ಕೆಳಗಿನದರ ಮೇಲೆ ಸ್ವಲ್ಪ ಕೂರುವಂತೆ ಹೊಡೆದಿದ್ದಾರೆ. ಮೀನಿನ ಹುರುಪೆಯ ಹಾಗೆ, ನಮ್ಮ ಹಂಚಿನ ಮಾಡಿನ ಹಾಗೆ. ಮಳೆನೀರು ಇಳಿದು ಹೋಗುತ್ತದೆ, ಒಳಗೆ ಬರುವುದಿಲ್ಲ. ಆ ಊರಿನಲ್ಲಿ ಮಳೆ ಮೇಲಿನಿಂದ ಬೀಳುವುದಕ್ಕಿಂತ ಪಕ್ಕದಿಂದ ಬಡಿಯುವುದೇ ಹೆಚ್ಚು, ಹಾಗಾಗಿ ಇದು ಬೇಕೇ ಬೇಕು.

ಮಕ್ಕಳೇ, ಇಲ್ಲಿ ನಿಮಗೊಂದು ಪ್ರಶ್ನೆ ಬರಬೇಕು. ಇಂಗ್ಲೆಂಡಿನವರು ತಮ್ಮ ಊರಿನಲ್ಲಿ ಇಟ್ಟಿಗೆ, ಕಲ್ಲಿನ ಮನೆ ಕಟ್ಟಿಕೊಳ್ಳುವವರು. ಇಲ್ಲಿಗೆ ಬಂದು ಮರದ ಮನೆ ಯಾಕೆ ಕಟ್ಟಿದರು? ಕಾಡು ಪಕ್ಕದಲ್ಲೇ ಇತ್ತು ಎನ್ನುವುದು ಅರ್ಧ ಉತ್ತರ. ಉಳಿದರ್ಧವನ್ನು ನೆಲ ಹೇಳಿಕೊಟ್ಟಿತು.

ಮೊದಲು ಬಂದವರು ಇಟ್ಟಿಗೆಯಲ್ಲೂ ಮಣ್ಣಿನಲ್ಲೂ ಕಟ್ಟಿದ್ದರು. 1848ರ ಅಕ್ಟೋಬರಿನಲ್ಲಿ ದೊಡ್ಡ ಭೂಕಂಪವಾಯಿತು. ಇಟ್ಟಿಗೆ ಗೋಡೆಗಳು ಬಿರಿದು ಬಿದ್ದವು. ಗೋಡೆ ಕುಸಿದು ಒಬ್ಬ ಸಾರ್ಜೆಂಟ್ ಮತ್ತು ಅವನ ಇಬ್ಬರು ಮಕ್ಕಳು ತೀರಿಕೊಂಡರು. ಜನ ಬುದ್ಧಿ ಕಲಿತು ಮರದ ಕಡೆಗೆ ತಿರುಗಿದರು. ಏಳು ವರ್ಷ ಕಳೆಯುವುದರೊಳಗೆ, 1855ರ ಜನವರಿ 23ರ ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ, ಅದಕ್ಕಿಂತ ದೊಡ್ಡದು ಬಂತು. ಅದರ ತೀವ್ರತೆ 8.2 ಎಂದು ಈಗಿನ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಷ್ಟು ದೊಡ್ಡ ಭೂಕಂಪದಲ್ಲೂ ವೆಲ್ಲಿಂಗ್ಟನ್ ಊರಿನಲ್ಲಿ ಸತ್ತವನು ಒಬ್ಬನೇ, ಹೋಟೆಲು ನಡೆಸುತ್ತಿದ್ದವನು. ಅವನ ಮೇಲೆ ಬಿದ್ದದ್ದು ಇಟ್ಟಿಗೆಯ ಚಿಮಣಿ. ಮರದ ಮನೆಗಳು ಓಲಾಡಿದವು, ಕಿರುಗುಟ್ಟಿದವು, ಆದರೆ ನಿಂತವು. ಇಟ್ಟಿಗೆ ಗೋಡೆಗೆ ಬಾಗಲು ಬರುವುದಿಲ್ಲ, ಬಿರುಕು ಬಿಡುವುದಷ್ಟೇ ಗೊತ್ತು. ಮರದ ಚೌಕಟ್ಟು ಮೊಳೆ ಮೊಳೆಯಲ್ಲೂ ಸ್ವಲ್ಪ ಸ್ವಲ್ಪ ಜರುಗಿ ಕಂಪನವನ್ನು ನುಂಗಿಕೊಳ್ಳುತ್ತದೆ.

ವಾಲಿಸ್ ಮನೆ ಕಟ್ಟಿದ್ದು ಇದಾದ ಮೂರೇ ವರ್ಷಕ್ಕೆ. ಊರವರೆಲ್ಲ ಇನ್ನೂ ಆ ರಾತ್ರಿಯ ಕಥೆಯನ್ನೇ ಹೇಳುತ್ತಿದ್ದಿರಬೇಕು.

ಆ ಭೂಕಂಪ ಇನ್ನೊಂದು ಕೆಲಸ ಮಾಡಿತು. ವೆಲ್ಲಿಂಗ್ಟನ್ನಿನ ನೆಲವನ್ನೇ ಒಂದು ಮೀಟರಿಗೂ ಹೆಚ್ಚು ಮೇಲೆತ್ತಿತು. ಸಮುದ್ರ ಹಿಂದೆ ಸರಿಯಿತು. ಇವತ್ತು ಲ್ಯಾಂಬ್ಟನ್ ಕೀ ಎಂಬ ಅಂಗಡಿ ಬೀದಿಯಲ್ಲಿ ನಡೆಯುವಾಗ ನೆಲದಲ್ಲಿ ಫಲಕಗಳು ಕಾಣುತ್ತವೆ. 1840ರಲ್ಲಿ ಸಮುದ್ರದ ದಡ ಇದ್ದದ್ದು ಅಲ್ಲಿ. ಆಮೇಲೆ ಜನರೂ ಸಮುದ್ರಕ್ಕೆ ಮಣ್ಣು ತುಂಬಿದ್ದರಿಂದ ನೀರು ಈಗ ಇನ್ನೂ ದೂರ. ಇನ್ನೊಂದು ಕಡೆ ಹಡಗು ನಿಲ್ಲಿಸಲೆಂದು ಗುರುತಿಸಿಟ್ಟಿದ್ದ ಕೆರೆ ಭೂಕಂಪದಿಂದ ಜೌಗು ನೆಲವಾಯಿತು. ಅದನ್ನು ಬಸಿದು ಒಣಗಿಸಿ ಆಟದ ಮೈದಾನ ಮಾಡಿದರು. ಅದೇ ಬೇಸಿನ್ ರಿಸರ್ವ್. ಕ್ರಿಕೆಟ್ ನೋಡುವ ಅಜ್ಜಂದಿರಿಗೆ ಹೆಸರು ಕೇಳಿದ ಕೂಡಲೇ ಗೊತ್ತಾಗಿರುತ್ತದೆ. 1968ರಲ್ಲಿ ಪಟೌಡಿಯ ತಂಡ ಅಲ್ಲಿ ಟೆಸ್ಟ್ ಗೆದ್ದಿತು. ವಿದೇಶದಲ್ಲಿ ಭಾರತ ಗೆದ್ದ ಮೊದಲ ಸರಣಿ ಅದು, ನಮ್ಮ ಎರಾಪಳ್ಳಿ ಪ್ರಸನ್ನ ಆ ಸರಣಿಯ ದೊಡ್ಡ ಬೌಲರ್. ಆ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ ನನಗೆ, ಭೂಕಂಪ ಎತ್ತಿಕೊಟ್ಟ ನೆಲದಲ್ಲಿ ಪ್ರಸನ್ನ ಚೆಂಡು ತಿರುಗಿಸಿದರೆಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಸರಿ, ಮರದ ವಿಷಯಕ್ಕೆ ಬರೋಣ. ಈಗ ನಾವು ಹಲಗೆ ಬೇಕೆಂದರೆ ಮಿಲ್ಲಿಗೆ ಹೋಗುತ್ತೇವೆ. ಯಂತ್ರದ ಮಿಲ್ಲು ಬರುವ ಮೊದಲು ಹಲಗೆ ಹುಟ್ಟುತ್ತಿದ್ದದ್ದು ಒಂದು ಗುಂಡಿಯಲ್ಲಿ. ಗುಂಡಿಯ ಮೇಲೆ ದಿಮ್ಮಿಯನ್ನು ಉದ್ದಕ್ಕೆ ಮಲಗಿಸುತ್ತಾರೆ. ಒಬ್ಬ ದಿಮ್ಮಿಯ ಮೇಲೆ ನಿಲ್ಲುತ್ತಾನೆ, ಇನ್ನೊಬ್ಬ ಗುಂಡಿಯೊಳಗೆ. ಆಳುದ್ದದ ಗರಗಸದ ಒಂದೊಂದು ತುದಿ ಒಬ್ಬೊಬ್ಬರ ಕೈಯಲ್ಲಿ. ಮೇಲಿನವನು ಗೆರೆ ತಪ್ಪದಂತೆ ನಡೆಸಬೇಕು. ಕೆಳಗಿನವನು ಎಳೆಯಬೇಕು, ಮತ್ತು ದಿನವಿಡೀ ಕಣ್ಣು, ಮೂಗು, ಬೆವರಿದ ಕುತ್ತಿಗೆಯ ಮೇಲೆ ಮರದ ಹೊಟ್ಟು ಸುರಿಸಿಕೊಳ್ಳಬೇಕು. ನ್ಯೂಜಿಲೆಂಡಿಗೆ ಬಂದ ಬಡವರಲ್ಲಿ ಎಷ್ಟೋ ಜನ ಈ ಕೆಲಸದಿಂದಲೇ ಬದುಕು ಶುರು ಮಾಡಿದರು.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಚಿಕ್ಕಂದಿನಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಅಜ್ಜ ಬಡಗಿ. ದಾರಕ್ಕೆ ಕರಿ ಬಳಿದು, ದಿಮ್ಮಿಯ ಎರಡು ತುದಿಗೆ ಬಿಗಿದು, ನಡುವೆ ಬೆರಳಿನಿಂದ ಎತ್ತಿ ಬಿಟ್ಟರೆ ಟಪ್ ಎಂದು ಒಂದು ನೇರ ಗೆರೆ ಬೀಳುತ್ತಿತ್ತು. ಆಮೇಲೆ ಗರಗಸದವರು ಇಳಿಯುತ್ತಿದ್ದರು. ಕೆಳಗೆ ನಿಲ್ಲುವವನು ತಲೆಗೆ ಸುತ್ತಿದ ಟವೆಲನ್ನು ಹುಬ್ಬಿನವರೆಗೆ ಎಳೆದುಕೊಳ್ಳುತ್ತಿದ್ದ. ಇದನ್ನೆಲ್ಲ ನಾನು ಆ ಮನೆಯ ಮೆಟ್ಟಿಲ ಮೇಲೆ ಕೂತು ಮೊಮ್ಮಗಳಿಗೆ ಹೇಳುವಾಗ, ಮನೆ ತೋರಿಸುತ್ತಿದ್ದ ಹೆಂಗಸು ಏನು ಮಾತಾಡುತ್ತಿದ್ದೀರಿ ಎಂದು ಕೇಳಿದರು. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳು. ಅವರು ನಕ್ಕು, ಇಲ್ಲೂ ಹಾಗೇ ಎಂದರು.

ಮರಗಳ ಹೆಸರು ಮಾತ್ರ ಬೇರೆ. ನಮ್ಮಲ್ಲಿ ಹಲಸು, ಹೊನ್ನೆ, ಮತ್ತಿ, ತೇಗ. ಅಲ್ಲಿ ರಿಮು, ಟೊಟಾರಾ, ಮಟಾಯ್, ಕೌರಿ. ಟೊಟಾರಾ ನೆಲದಲ್ಲಿ ಹೂತರೂ ಬೇಗ ಕೊಳೆಯುವುದಿಲ್ಲ. ಬಿಳಿಯರು ಬರುವ ಎಷ್ಟೋ ಮೊದಲಿನಿಂದ ಮಾವೋರಿ ಜನ ಅದರ ಇಡೀ ಕಾಂಡವನ್ನು ಕೊರೆದು ಯುದ್ಧದ ದೋಣಿ ಮಾಡುತ್ತಿದ್ದರು, ಕೆತ್ತನೆಗೂ ಅದೇ ಮರ. ಕೌರಿ ಉತ್ತರದ ಕಾಡಿನದು. ಕಂಬದಂತೆ ನೆಟ್ಟಗೆ, ಕೆಳಗೆ ಒಂದು ಕೊಂಬೆಯೂ ಇಲ್ಲದೆ ಬೆಳೆಯುತ್ತದೆ. ಹಾಗಾಗಿ ಅದರ ಹಲಗೆಯಲ್ಲಿ ಗಂಟು ಕಡಿಮೆ. ಬಡಗಿಗೆ ಇದಕ್ಕಿಂತ ಏನು ಬೇಕು! ಹಡಗಿನ ಕೂವೆಯಿಂದ ಹಿಡಿದು ಮನೆಯ ನೆಲಹಾಸಿನವರೆಗೆ ಎಲ್ಲಕ್ಕೂ ಕೌರಿ. 1876ರಲ್ಲಿ ವೆಲ್ಲಿಂಗ್ಟನ್ನಿನಲ್ಲಿ ಸರ್ಕಾರಿ ಕಚೇರಿಗೆಂದು ಕೌರಿಯಿಂದಲೇ ಒಂದು ದೊಡ್ಡ ಕಟ್ಟಡ ಎಬ್ಬಿಸಿದರು. ಜಗತ್ತಿನ ಅತಿ ದೊಡ್ಡ ಮರದ ಕಟ್ಟಡಗಳಲ್ಲಿ ಅದೂ ಒಂದು. ತಮಾಷೆಯೆಂದರೆ, ದೂರದಿಂದ ಅದು ಕಲ್ಲಿನ ಅರಮನೆಯಂತೆ ಕಾಣಬೇಕೆಂದು ಮೂಲೆಗಳಲ್ಲಿ ಮರವನ್ನೇ ಕಲ್ಲಿನ ಆಕಾರಕ್ಕೆ ಕತ್ತರಿಸಿ ಕೂಡಿಸಿದ್ದಾರೆ. ನಾನು ಹೋಗಿ ಬೆರಳಿನಿಂದ ತಟ್ಟಿ ನೋಡಿದೆ. ಟಕ್ ಟಕ್ ಎಂದಿತು. ಮರವೇ.

ಇಷ್ಟೆಲ್ಲ ಮರ ಬಂದದ್ದು ಪುಕ್ಕಟೆಯಾಗಿ ಅಲ್ಲ. ಒಂದು ಕಾಲಕ್ಕೆ ಸುಮಾರು 12 ಲಕ್ಷ ಹೆಕ್ಟೇರು ಇದ್ದ ಕೌರಿ ಕಾಡಿನಲ್ಲಿ ಹಳೆಯ ಮರಗಳ ಕಾಡು ಇಂದು ಕೆಲವೇ ಸಾವಿರ ಹೆಕ್ಟೇರು ಉಳಿದಿದೆ. ಉಳಿದ ಮರಗಳಿಗೆ ಬೇರು ಕೊಳೆಸುವ ರೋಗ ಬೇರೆ. ಅದು ಮಣ್ಣಿನ ಮೂಲಕ ಹರಡುವುದರಿಂದ ಕೌರಿ ಕಾಡಿಗೆ ಹೋಗುವವರು ಬಾಗಿಲಲ್ಲೇ ಬೂಟು ತೊಳೆದುಕೊಳ್ಳಬೇಕು. ದೇವಸ್ಥಾನಕ್ಕೆ ಕಾಲು ತೊಳೆದು ಹೋಗುತ್ತೇವಲ್ಲ, ಹಾಗೆ.

ಬಡಗಿಗಳ ಬಗ್ಗೆ ಹೇಳುವಾಗ ಆ ಊರಿನ ಇನ್ನೊಬ್ಬ ಬಡಗಿಯನ್ನು ಬಿಡುವಂತಿಲ್ಲ. ಸ್ಯಾಮ್ಯುಯೆಲ್ ಪಾರ್ನೆಲ್ ಎಂದು. 1840ರಲ್ಲಿ ಹಡಗಿನಿಂದ ಇಳಿದ. ಅದೇ ಹಡಗಿನಲ್ಲಿ ಬಂದಿದ್ದ ವ್ಯಾಪಾರಿ ಜಾರ್ಜ್ ಹಂಟರ್ ಒಂದು ಉಗ್ರಾಣ ಕಟ್ಟಿಕೊಡು ಎಂದ. ಪಾರ್ನೆಲ್ ಕಟ್ಟುತ್ತೇನೆ, ಆದರೆ ದಿನಕ್ಕೆ ಎಂಟೇ ಗಂಟೆ ಎಂದ. ಲಂಡನ್ನಿನಲ್ಲಿ ಹಾಗಿಲ್ಲವಲ್ಲ ಎಂದು ಹಂಟರ್ ತಕರಾರು ತೆಗೆದ. ನಾವೀಗ ಲಂಡನ್ನಿನಲ್ಲಿ ಇಲ್ಲವಲ್ಲ ಎಂಬುದು ಪಾರ್ನೆಲ್‌ನ ಉತ್ತರ. ದಿನದ 24 ಗಂಟೆಯಲ್ಲಿ ಎಂಟು ಕೆಲಸಕ್ಕೆ, ಎಂಟು ನಿದ್ದೆಗೆ, ಉಳಿದ ಎಂಟು ತನಗೆ ಬೇಕಾದ್ದಕ್ಕೆ ಎಂಬುದು ಅವನ ಲೆಕ್ಕ. ಊರಿನಲ್ಲಿ ಬಡಗಿಗಳೇ ಬೆರಳೆಣಿಕೆಯಷ್ಟು, ಹಂಟರ್ ಒಪ್ಪದೆ ಏನು ಮಾಡುತ್ತಾನೆ? ಆಮೇಲೆ ಬೇರೆ ಕೆಲಸಗಾರರೂ ಅದನ್ನೇ ಹಿಡಿದರು. ಅಲ್ಲಿ ಪ್ರತಿ ಅಕ್ಟೋಬರಿನಲ್ಲಿ ಬರುವ ಕಾರ್ಮಿಕರ ದಿನದ ರಜೆಯ ಬೇರು ಇಲ್ಲಿದೆ. "ಹಾಗಾದ್ರೆ ಅಪ್ಪ ಯಾಕೆ ರಾತ್ರಿ ಹತ್ತು ಗಂಟೆವರೆಗೂ ಲ್ಯಾಪ್‌ಟಾಪ್ ಮುಂದೆ ಕೂತಿರ್ತಾರೆ?" ಎಂದು ಮೊಮ್ಮಗಳು ಕೇಳಿದಳು. ಅದನ್ನು ಅವಳ ಅಪ್ಪನನ್ನೇ ಕೇಳಬೇಕು.

ಈಗ ಮನೆ ಉಳಿದ ಕಥೆ. ವಾಲಿಸ್ ಸಂಸಾರ ಆ ಮನೆಯಲ್ಲಿ 1970ರ ದಶಕದವರೆಗೂ ಇತ್ತು. ಅಷ್ಟು ಹೊತ್ತಿಗೆ ಸುತ್ತಲಿನ ಹಳೆಯ ಮನೆಗಳು ಹೋಗುತ್ತಿದ್ದವು. ಊರು ಬೆಳೆದಿತ್ತು, ಜನರಿಗೆ ಮನೆ ಬೇಕಿತ್ತು. ಹಳೆಯದನ್ನು ಕೆಡವಿ ಅಲ್ಲಿ ಹೊಸ ವಸತಿ ಕಟ್ಟಬೇಕೆಂಬುದು ನಗರಾಡಳಿತದ ಯೋಚನೆ. ಅದನ್ನು ದುಷ್ಟತನವೆಂದು ನಾನು ಹೇಳಲಾರೆ. ಮನೆಯಿಲ್ಲದವರಿಗೆ ಮನೆ ಕಟ್ಟುವುದು ತಪ್ಪಲ್ಲ. ಆದರೆ ಆ ಮನೆಯಲ್ಲಿ ವಿನಿಫ್ರೆಡ್ ಟರ್ನರ್ ಇದ್ದರು. ವಿಲಿಯಂ ಮತ್ತು ಕ್ಯಾಥರೀನ್ ದಂಪತಿಯ ಮೊಮ್ಮಗಳು. ಆಕೆ ಕೆಡವಬೇಡಿ ಎಂದು ಪಟ್ಟು ಹಿಡಿದರು. ಹಳೆಯ ಮನೆಗಳ ಬೆಲೆ ತಿಳಿದವರು ಜೊತೆಗೂಡಿದರು. ಮನೆ ಉಳಿಯಿತು. ದುರಸ್ತಿಯಾಗಿ 1980ರಲ್ಲಿ ವಸ್ತುಸಂಗ್ರಹಾಲಯವಾಯಿತು. ವೆಲ್ಲಿಂಗ್ಟನ್ನಿನಲ್ಲಿ ಉಳಿದಿರುವ ತೀರ ಹಳೆಯ ಮನೆಗಳಲ್ಲಿ ಅದೂ ಒಂದು ಎಂಬುದು ಈಗ ಎಲ್ಲರಿಗೂ ಹೆಮ್ಮೆ.

ಇದರಲ್ಲಿ ನನಗೆ ಹಿಡಿಸಿದ್ದು ಒಂದಿದೆ. ಅದು ಯಾವ ಗವರ್ನರನ ಬಂಗಲೆಯೂ ಅಲ್ಲ, ಅಲ್ಲಿ ಯುದ್ಧದ ಒಪ್ಪಂದಕ್ಕೆ ಸಹಿ ಬಿದ್ದಿಲ್ಲ. ಒಬ್ಬ ಕೂಲಿ ದುಡಿಯುವ ಬಡಗಿ ಮತ್ತು ಅವನ ಹೆಂಡತಿ ಅಲ್ಲಿ ಅಡುಗೆ ಮಾಡಿ, ಮಲಗಿ, ಎದ್ದರು, ಅಷ್ಟೇ. ಅಂಥದ್ದನ್ನು ಉಳಿಸಿ ಎಂದು ಕೇಳಲು ಧೈರ್ಯ ಬೇಕು.

ಮೊಮ್ಮಗಳು ಇದನ್ನೆಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಅಜ್ಜಾ, ನಿನ್ನ ಅಜ್ಜ ಕಟ್ಟಿದ ಮನೆ ಎಲ್ಲಿದೆ? ನಾವು ಊರಿಗೆ ಹೋದಾಗ ತೋರಿಸ್ಲೇ ಇಲ್ವಲ್ಲ?"

ಇಲ್ಲ ಎಂದೆ. ಯಾಕೆ ಎಂದಳು. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ನಾನೇ ಹೇಳಿಕೊಟ್ಟಿದ್ದೇನಲ್ಲ, ಹೇಳಿದೆ. ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದೆವು. ಯಾರಿಗೂ ಊರಿಗೆ ಹೋಗಿ ಇರುವ ಮನಸ್ಸಿಲ್ಲ. ಮಳೆಗಾಲದಲ್ಲಿ ಮಾಡು ಸೋರುತ್ತಿತ್ತು, ಗೆದ್ದಲು ಹತ್ತಿತ್ತು. ಹಳೆ ಮರದ ವ್ಯಾಪಾರಿಯೊಬ್ಬ ಬಂದು ಹಲಸಿನ ಕಂಬ, ತೊಲೆ, ಬಾಗಿಲು, ಮುಚ್ಚಿಗೆಯ ಹಲಗೆ ಎಲ್ಲಕ್ಕೂ ಸೇರಿ ಒಂದು ಬೆಲೆ ಹೇಳಿದ. ನಾಲ್ಕು ಜನ ಸಹಿ ಹಾಕಿದೆವು. ನಾಲ್ಕನೆಯ ಸಹಿ ನನ್ನದು. ಮೂರೇ ದಿನದಲ್ಲಿ ಬಿಚ್ಚಿ ಲಾರಿಗೆ ತುಂಬಿದರು. ಅಜ್ಜನಿಗೆ ಆ ಕಂಬಗಳನ್ನು ಕೆತ್ತಲು ಎರಡು ಮಳೆಗಾಲ ಬೇಕಾಗಿತ್ತು ಎಂದು ಅಪ್ಪ ಹೇಳುತ್ತಿದ್ದರು.

"ಆ ಕಂಬ ಈಗ ಎಲ್ಲಿದೆ?"

"ಗೊತ್ತಿಲ್ಲ ಮರಿ. ಯಾವುದೋ ಹೋಟೆಲಿನ ಮುಂದೆ ಇರಬಹುದು."

"ನೀನು ಬೇಡ ಅನ್ಲಿಲ್ವಾ?"

ಅನ್ನಲಿಲ್ಲ. ದುರಸ್ತಿಗೆ ದುಡ್ಡಿರಲಿಲ್ಲ ಎನ್ನುವುದು ನಿಜ, ಆದರೆ ಕೇಳಿ ನೋಡಬಹುದಿತ್ತು. ಅಜ್ಜನ ಬಾಚಿ ಮತ್ತು ಒಂದು ಉಳಿಯನ್ನು ಮಾತ್ರ ತಂದಿಟ್ಟುಕೊಂಡಿದ್ದೇನೆ, ಶಿವಮೊಗ್ಗದ ಮನೆಯ ಅಟ್ಟದ ಮೇಲಿವೆ. ಅವಳು ಅದರ ಫೋಟೋ ಬೇಕೆಂದಳು. ಆ ರಾತ್ರಿಯೇ ತಮ್ಮನಿಗೆ ಫೋನು ಮಾಡಿ ಹುಡುಕಿಸಿದೆ. ಬಾಚಿಯ ಹಿಡಿ ಅಜ್ಜನ ಬೆರಳು ಕೂರುವ ಜಾಗದಲ್ಲಿ ಸವೆದಿದೆ. ಅವಳು ಫೋಟೋವನ್ನು ದೊಡ್ಡದು ಮಾಡಿ ಅದನ್ನೇ ನೋಡುತ್ತಿದ್ದಳು.

ಇಷ್ಟಕ್ಕೆ ಮುಗಿಸಬಹುದಿತ್ತು, ಆದರೆ ಮನೆ ತೋರಿಸಿದ ಆ ಹೆಂಗಸು ಹೊರಡುವಾಗ ಒಂದು ಮಾತು ಹೇಳಿದ್ದರು. ಇದನ್ನು ನೋಡಿದ ಮೇಲೆ ಟರನಾಕಿ ಬೀದಿಯದನ್ನೂ ನೋಡಿ ಎಂದು. ಮರುದಿನ ಹೋದೆವು.

ಬ್ರಿಟಿಷರು ವೆಲ್ಲಿಂಗ್ಟನ್ ಊರನ್ನು 1,100 ನಿವೇಶನಗಳಾಗಿ, ಒಂದೊಂದು ಎಕರೆಯಂತೆ ಅಳೆದು ಹಂಚುವಾಗ ಆ ನೆಲವೇನೂ ಖಾಲಿ ಬಿದ್ದಿರಲಿಲ್ಲ. ಸಮುದ್ರ ದಡದಲ್ಲಿ ಟೆ ಆರೋ ಎಂಬ ಮಾವೋರಿ ಊರಿತ್ತು. ಅದರ ಜನ ತಮ್ಮ ಮನೆ, ತೋಟ ಮಾರಿದ್ದೇವೆಂದು ಒಪ್ಪಿರಲಿಲ್ಲ. ಸುತ್ತ ಪೇಟೆ ಬೆಳೆಯುತ್ತ ಬೆಳೆಯುತ್ತ ಆ ಊರು ಕರಗಿ ಹೋಯಿತು. ವಾಲಿಸ್‌ನಂಥ ಬಡಗಿಗಳಿಗೆ ಕೆಲಸ ಸಿಕ್ಕಿದ್ದು ಆ ಪೇಟೆ ಬೆಳೆದದ್ದರಿಂದಲೇ. 2005ರಲ್ಲಿ ಟರನಾಕಿ ಬೀದಿಯಲ್ಲಿ ಹೊಸ ಕಟ್ಟಡಕ್ಕೆ ನೆಲ ಅಗೆಯುವಾಗ ಆ ಊರಿನ ಗುಡಿಸಲುಗಳ ಬುಡ ಸಿಕ್ಕಿತು. ಗೋಡೆಗಳು ಪೊಂಗಾ ಎಂಬ, ಮರದೆತ್ತರಕ್ಕೆ ಬೆಳೆಯುವ ಜರಿಗಿಡದ ಕಾಂಡಗಳವು. ಕಟ್ಟಡ ಎದ್ದಿತು. ಗುಡಿಸಲುಗಳ ಅವಶೇಷವನ್ನೂ ಅಲ್ಲೇ, ಅದರ ನೆಲಮಹಡಿಯಲ್ಲಿ, ಗಾಜಿನ ಹಿಂದೆ ಉಳಿಸಿದ್ದಾರೆ.

ನೋಡಲು ದೊಡ್ಡದೇನೂ ಇಲ್ಲ. ನೆಲದಲ್ಲಿ ಸಾಲಾಗಿ ನಿಂತ ಕಪ್ಪು ಮೋಟು ಕಾಂಡಗಳು, ಮೊಣಕಾಲಿನ ಎತ್ತರಕ್ಕೂ ಬರುವುದಿಲ್ಲ. ಮಾಡಿಲ್ಲ, ಬಾಗಿಲಿಲ್ಲ. ಕಟ್ಟಿದವನ ಹೆಸರನ್ನು ಮೊಮ್ಮಗಳು ಹುಡುಕಿದಳು, ಎಲ್ಲೂ ಕಾಣಲಿಲ್ಲ. ಗಾಜಿಗೆ ಮೂಗು ಒತ್ತಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಕಾಂಡಗಳನ್ನು ಎಣಿಸತೊಡಗಿದಳು. ನಡುವೆ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಹೊರಗೆ ಗಾಳಿ ಜೋರಾಗಿತ್ತು, ನನಗೂ ಅವಸರವಿರಲಿಲ್ಲ.